ದೋಣಿಯಮ್ಮನಿಗೆ ಕೊಟ್ಟ ಕುರ್ಚಿ

ದೋಣಿಯಮ್ಮ ಮಾತಿಗೆ ಬಡವಿಯಲ್ಲ. ಹರೆಯದಿಂದಲೂ ಹೊಳೆ ದಾಟಿಸಿದವಳು. ಕುಡುಕರು, ಜಗಳಗಂಟರು, ಚಿಲ್ಲರೆ ಇಲ್ಲವೆಂದು ನುಣುಚಿಕೊಳ್ಳುವ ಸರಕಾರಿ ಮಂದಿ, ಎಲ್ಲರನ್ನೂ ಬೈದೇ ದಡ ಮುಟ್ಟಿಸಿದವಳು. ಆದರೆ ಅವಳ ಜನರ ಕೂಟದ ರೀತಿಯೇ ಬೇರೆ. ಅಲ್ಲಿ ಒಪ್ಪಿದವರು ಬಾಯಿಬಿಟ್ಟು ಹೇಳುತ್ತಾರೆ. ಒಪ್ಪದವರು ಕೈಕಟ್ಟಿ, ಮಾತಾಡಿದವನ ಮುಖವನ್ನೇ ನೋಡುತ್ತ ಸುಮ್ಮನೆ ಕೂರುತ್ತಾರೆ. ಒಬ್ಬರು ಹಾಗೆ ಕೂತರೂ ಸಾಕು, ವಿಷಯ ಮುಂದೆ ಹೋಗುವಂತಿಲ್ಲ. ಮಗಳ ಮದುವೆಯನ್ನೇ ಅವಳು ಹೀಗೆ ಒಂದಿಡೀ ಬೇಸಿಗೆ ತಡೆದಿದ್ದಳು. ಬೀಗರಾಗಬೇಕಾದವರು ಅಲೆದೂ ಅಲೆದೂ ಚಪ್ಪಲಿ ಸವೆಸಿಕೊಂಡಿದ್ದರು.

ಆ ಹೊಳೆಗೆ ಅಣೆಕಟ್ಟು ಕಟ್ಟುತ್ತಾರೆ, ಎರಡೂ ದಡದ ಮನೆಗಳು ಮುಳುಗುತ್ತವೆ ಎಂಬ ಸುದ್ದಿ ಹಬ್ಬಿದ ಹೊತ್ತಿಗೇ ಅದಕ್ಕೆ ಒಪ್ಪಿಗೆ ಕೊಡಬೇಕಾದ, ದೇಶದೇಶಗಳು ಸೇರುವ ದೊಡ್ಡ ಸಂಸ್ಥೆಯಿಂದ ಕರೆ ಬಂತು. ಇನ್ನು ಮುಂದೆ ಮೂಲನಿವಾಸಿಗಳಿಗೂ ಸಭೆಯಲ್ಲಿ ಕುರ್ಚಿ ಇದೆಯಂತೆ. ಪೇಟೆಯ ಭಾಷೆ ಬಲ್ಲವಳೆಂದು ಊರವರು ದೋಣಿಯಮ್ಮನನ್ನೇ ಆರಿಸಿ, ಅಣೆಕಟ್ಟು ನಿಲ್ಲಿಸಿಯೇ ಬಾ ಎಂದು ಕಳಿಸಿದರು.

ಉಪಚಾರಕ್ಕೇನೂ ಕಮ್ಮಿಯಿರಲಿಲ್ಲ. ಕುತ್ತಿಗೆಗೆ ಗುರುತಿನ ಚೀಟಿ, ಭಾಷಾಂತರ ಕೇಳಲು ಕಿವಿಗೊಂದು ಯಂತ್ರ, ಕೊನೆಯ ಸಾಲಿನಲ್ಲಿ ಮೆತ್ತನೆಯ ಕುರ್ಚಿ. ದೋಣಿಯ ಹುಟ್ಟು ಹಿಡಿದುಕೊಂಡು ಬಂದಿದ್ದರೆ ಚೆನ್ನಾಗಿತ್ತು ಎಂದು ಫೋಟೋದವನೊಬ್ಬ ಪೇಚಾಡಿಕೊಂಡ. ಅವಳೇನು ವಸ್ತುಸಂಗ್ರಹಾಲಯದ ಗೊಂಬೆಯೇ?

ಅಣೆಕಟ್ಟಿನ ವಿಷಯ ಬಂತು. ಅಧ್ಯಕ್ಷರು ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಿದರು. ದೋಣಿಯಮ್ಮ ಕೈಕಟ್ಟಿ, ತುಟಿ ಬಿಗಿದು, ಅವರ ಮುಖದಲ್ಲೇ ಕಣ್ಣು ನೆಟ್ಟಳು. ಜನ್ಮದಲ್ಲೇ ಅವಳು ಅಷ್ಟು ಖಡಾಖಂಡಿತವಾಗಿ ಯಾವುದನ್ನೂ ಬೇಡವೆಂದವಳಲ್ಲ. ಅಧ್ಯಕ್ಷರು ಅವಳತ್ತ ನೋಡಿ ಮುಗುಳ್ನಕ್ಕು, ಮರದ ಸುತ್ತಿಗೆಯನ್ನು ಮೇಜಿಗೆ ಕುಟ್ಟಿದರು. ಚಪ್ಪಾಳೆ ಬಿತ್ತು. ಮೂಲನಿವಾಸಿಗಳ ಸಮ್ಮುಖದಲ್ಲಿ ಸರ್ವಾನುಮತದಿಂದ ಅಂಗೀಕಾರವಾಯಿತು ಎಂದು ಕಿವಿಯ ಯಂತ್ರ ಹೇಳಿತು. ಅವಳು ದಡಬಡಿಸಿ ಎದ್ದು, ನಾನು ಒಪ್ಪಿಲ್ಲ ಎಂದು ಕೂಗುವಷ್ಟರಲ್ಲಿ ಸಭೆ ಮುಂದಿನ ವಿಷಯಕ್ಕೆ ಹೋಗಿಯಾಗಿತ್ತು.

ಹೊರಗಿನ ಪಡಸಾಲೆಯಲ್ಲಿ ಒಬ್ಬ ಅಧಿಕಾರಿ ಸಿಕ್ಕ. ಮೂಲನಿವಾಸಿಗಳ ಕುರ್ಚಿಗಳ ಉಸ್ತುವಾರಿ ಅವನದೇ. ಅವಳು ಹೇಳಿದ್ದನ್ನೆಲ್ಲ ತಲೆಯಾಡಿಸುತ್ತ ಕೇಳಿದ. ಬಾಯಿಬಿಟ್ಟು ಬೇಡವೆಂದಿದ್ದರೂ ಲೆಕ್ಕಕ್ಕೆ ಬರುತ್ತಿರಲಿಲ್ಲ, ಆಕ್ಷೇಪಣೆಯ ಹಕ್ಕು ಸರಕಾರಗಳಿಗೆ ಮಾತ್ರ ಎಂದು ಸಮಾಧಾನ ಹೇಳಿದ.

"ಹಾಗಾದ್ರೆ ನನ್ನ ಯಾಕಪ್ಪಾ ಕರೆಸಿದ್ರಿ?"

"ಆಯಾ ಜಾಗದ ನಿಮ್ಮೋರು ಒಬ್ಬರಾದ್ರೂ ಬಂದು ಕೂತಿರದೆ ಇಂಥ ವಿಷಯ ಎತ್ತೋ ಹಾಗೇ ಇಲ್ಲಮ್ಮ. ಹೊಸ ನಿಯಮ. ಎಷ್ಟು ಕಷ್ಟಪಟ್ಟು ತಂದಿದೀವಿ ಗೊತ್ತಾ?" ಎಂದ, ಹೆಮ್ಮೆಯಿಂದ.

ಅಂದರೆ ಅವಳು ಮನೆಯಲ್ಲೇ ಬಿದ್ದುಕೊಂಡಿದ್ದರೆ ಹೊಳೆ ಉಳಿಯುತ್ತಿತ್ತು. ಬಂದು ಕೂತದ್ದರಿಂದಲೇ ಮುಳುಗಿತು. ಥೂ, ಎಷ್ಟು ಅಚ್ಚುಕಟ್ಟಾದ ಹೊಲಸು! ಹೋಗುವಾಗ ಅವನು ಕುಲುಕಿದ ಕೈಯನ್ನು ಅವಳು ಬಚ್ಚಲಲ್ಲಿ ಸೋಪು ಹಚ್ಚಿ ಹಚ್ಚಿ ತೊಳೆದಳು. ಆದರೂ ಹೇಸಿಗೆ ಹೋಗಲಿಲ್ಲ. ಊರಿಗೆ ಹೋಗಿ ಯಾವ ಮುಖ ತೋರಿಸುವುದು ಎಂದು ಅಲ್ಲೇ ಗೋಡೆಗೊರಗಿ ಅತ್ತಳು.

ಮರುದಿನ ಇನ್ನೊಂದು ಸೀಮೆಯ ಮೂಲನಿವಾಸಿಗಳಾದ ಗುಡ್ಡದ ಜನರ ಸರದಿ. ಅವರ ಗುಡ್ಡವನ್ನು ಅಗೆದು ಗಣಿ ಮಾಡುವ ವಿಷಯ. ಅವರ ಪರವಾಗಿ ಬಂದಿದ್ದವನು ಒಬ್ಬನೇ ಅಜ್ಜ. ಹೊಸ ಕೋಟು ತೊಟ್ಟು, ಬೆಳಗಿನ ತಿಂಡಿ ಮುಂದಿಟ್ಟುಕೊಂಡು ಭಾಷಣವನ್ನು ಬಾಯಿಪಾಠ ಮಾಡುತ್ತಿದ್ದ. ದೋಣಿಯಮ್ಮ ಎದುರು ಕೂತು ನಡೆದದ್ದನ್ನೆಲ್ಲ ಹೇಳಿದಳು. ಅಜ್ಜನಿಗೆ ಪಿತ್ತ ನೆತ್ತಿಗೇರಿತು. ಇಷ್ಟು ದೂರ ಬಂದು ಒಳಗೆ ಕಾಲಿಡದೆ ಹೋದರೆ ಊರಲ್ಲಿ ಉಗಿಯುವುದಿಲ್ಲವೇ ಎಂದು ರೇಗಿದ. ಉಗಿದರೆ ಒರೆಸಿಕೋ, ಉಗಿಯುವುದಕ್ಕಾದರೂ ಊರು ಉಳಿದಿರುತ್ತದಲ್ಲ ಎಂದಳು ಅವಳು. ಅಜ್ಜ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಕೋಟು ಬಿಚ್ಚಿ ಮಡಿಲಲ್ಲಿಟ್ಟುಕೊಂಡ.

ಸಭೆಯ ಗಂಟೆ ಹೊಡೆದಾಗ ಇಬ್ಬರೂ ಕಟ್ಟಡದ ಹೊರಗೆ ಮೆಟ್ಟಿಲ ಮೇಲೆ ಬಿಸಿಲು ಕಾಯಿಸುತ್ತ ಕೂತಿದ್ದರು. ಕುರ್ಚಿಗಳ ಅಧಿಕಾರಿ ಏದುಸಿರು ಬಿಡುತ್ತ ಓಡಿಬಂದ. ಒಳಗೆ ಎಲ್ಲರೂ ಕಾಯುತ್ತಿದ್ದಾರೆ, ವಿಷಯ ಎತ್ತಿಕೊಳ್ಳಲಾಗುತ್ತಿಲ್ಲ ಎಂದು ಅಂಗಲಾಚಿದ.

"ಅಜ್ಜಾ, ನೀವು ಮಾತಾಡೋದೇನೂ ಬೇಡ. ಒಂದು ಗಳಿಗೆ ಬಂದು ಸುಮ್ಮನೆ ಕೂತ್ರೆ ಸಾಕು."

"ನಿನ್ನೆ ನಾನು ಮಾಡಿದ್ದೂ ಅಷ್ಟೇ ಕಣಪ್ಪಾ" ಎಂದಳು ದೋಣಿಯಮ್ಮ.

ಅಜ್ಜ ಕೂತಲ್ಲಿಂದ ಏಳಲಿಲ್ಲ.