ಕುಳ್ಳಮ್ಮ ಆರಿಸಿದ ಬೆಲ್ಟ್ ಮಿಷನ್ನು

ಬುಧವಾರ ಬೆಳಿಗ್ಗೆ ಕುಳ್ಳಮ್ಮ ಎಂದಿನಂತೆ ಸಾಣೆಯ ಹಗ್ಗ ಎಳೆದಳು. ಎದುರಿಗೆ ಗಂಡ ಮರಿಯಯ್ಯ ಕುಕ್ಕರಗಾಲಲ್ಲಿ ಕೂತು ಕಬ್ಬು ಕಡಿಯೋ ಮಚ್ಚನ್ನು ತಿರುಗೋ ಕಲ್ಲಿಗೆ ಒತ್ತಿ ಹಿಡಿದಿದ್ದ. ಹದಿನಾರು ವರ್ಷದಿಂದ ಹೀಗೇ. ಅವಳು ಎಳೆದರೆ ಕಲ್ಲು ತಿರುಗುತ್ತಿತ್ತು, ನಿಂತರೆ ನಿಲ್ಲುತ್ತಿತ್ತು. ಕಲ್ಲಿನ ರಾಡಿ ಅವಳ ಮೂಗಿಗೆ, ತಲೆಗೂದಲಿಗೆ, ಕಟ್ಟೋ ಮುದ್ದೆಗೂ ಹತ್ತುತ್ತಿತ್ತು. ಎಷ್ಟು ತೊಳೆದರೂ ಹೋಗದ ಹೇಸಿಗೆ ಅದು.

"ಎಳಿಯಮ್ಮಿ, ನಿದ್ದೆ ಮಾಡ್ತಾ ಇದ್ದೀಯ?" ಅಂದ ಮರಿಯಯ್ಯ.

"ಎಳೆಯೋಳು ನಾನು, ಏದುಸಿರು ನಿಂದು. ನಾಳಿಂದ ಕರೆಂಟೇ ಎಳೀತದೆ. ಅದುಕ್ಕೂ ಇಂಗೇ ಬಯ್ಯಿ, ನೋಡಾನ."

ಅವನು ನಕ್ಕ. ಆವತ್ತು ಸಂಜೆ ಹೊಸ ಮಿಷನ್ನು ಬರೋದಿತ್ತು.

ಚಿನಕುರಳಿಯ ಅವರ ಕುಲುಮೆಗೆ ಆ ವರ್ಷ ಕರೆಂಟು ಬಂದಿತ್ತು. ಪಾಂಡವಪುರದ ಸಕ್ಕರೆ ಕಾರ್ಖಾನೆ ಕಬ್ಬು ಅರೆಯೋಕೆ ಶುರು ಮಾಡಿದರೆ ಸುತ್ತಲ ಊರೋರೆಲ್ಲ ಮಚ್ಚಿಗೆ ಬಂದು ನಿಲ್ಲುತ್ತಿದ್ದರು. ಕೈಸಾಣೆ ಸಾಲದು ಅಂತ ಮರಿಯಯ್ಯ, ಅವನ ಅಣ್ಣ ಚೌಡಯ್ಯ ಇಬ್ಬರೂ ಹೋಗಿ ಎರಡು ಮಿಷನ್ನು ನೋಡಿ ಬಂದಿದ್ದರು. ಗಂಜಾಂನಲ್ಲಿ ಹಿತ್ತಾಳೆ ಪಾತ್ರೆಗೆ ಮೆರುಗು ಹಾಕೋ ಅಂದಾನಯ್ಯನ ಹತ್ತಿರ ಇದ್ದದ್ದು ಬೆಲ್ಟಿನದು. ಎರಡು ಗಾಲಿ ಮೇಲೆ ಉಪ್ಪುಕಾಗದದಂಥ ಒರಟು ಬಟ್ಟೆಯ ಪಟ್ಟಿ ಓಡುತ್ತದೆ, ಕಬ್ಬಿಣವನ್ನು ಅದಕ್ಕೆ ಹಿಡಿಯಬೇಕು. ಇನ್ನೊಂದು ಪಾಂಡವಪುರದ ಒಂದು ಅಂಗಡಿಯಲ್ಲಿ, ಮೋಟರಿಗೆ ಕೂರಿಸಿದ ಗುಂಡು ಸಾಣೆಕಲ್ಲು. ಮರಿಯಯ್ಯನಿಗೆ ಬೆಲ್ಟು ಹಿಡಿಸಿತ್ತು. ಮಚ್ಚಿನ ಬಾಯಿ ಬೇಗ ಕಾದು ನೀಲಿಯಾಗಿ ಹದ ಕೆಡಲ್ಲ, ಮಸೆತ ಒಂದೇ ಸಮ ಬತ್ತದೆ ಅಂದ.

ಚೌಡಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. "ಕಬ್ಬಿಣವ ಬಟ್ಟೇಲಿ ಒರಸ್ತೀಯೇನ್ಲಾ? ಮಚ್ಚೇನು ಸಿಂಬಳ ಸೋರೋ ಮಗಾನಾ?"

ಹಿರಿಯ ನಕ್ಕ ಮೇಲೆ ಮುಗಿಯಿತು. ಬುಧವಾರ ಸಂಜೆ ಕಲ್ಲೇ ಬಂತು.

ಮರಿಯಯ್ಯ ಸುತ್ತಿಗೆಯ ಮರದ ಹಿಡಿಯಿಂದ ಕಲ್ಲನ್ನು ತಟ್ಟಿ ನೋಡಿದ. ಖಣ್ ಅಂತು. "ಕಂಚಿನ ತಟ್ಟೆ ಇದ್ದಂಗದೆ" ಅಂದ.

ಆಮೇಲೆ ಪೂಜೆ. ಅವರ ಕುಲುಮೆಯಲ್ಲಿ ಏನೇ ಹೊಸದು ಬರಲಿ, ಕಬ್ಬಿಣ ಬಡಿಯೋ ಅಡಿಗಲ್ಲಿನ ಮೇಲೇ ಕಾಯಿ ಒಡೆಯೋದು ತಾತನ ಕಾಲದ ಪದ್ಧತಿ. ಆವತ್ತು ಚೌಡಯ್ಯ ಅಡಿಗಲ್ಲು ಬಿಟ್ಟ. "ಇವತ್ತಿಗೆ ದ್ಯಾವ್ರು ಇವ್ನೇ ಕಣ್ಲಾ" ಅಂತ ಹೊಸ ಸಾಣೆಕಲ್ಲಿನ ಅಂಚಿಗೇ ಕಾಯಿ ಕುಕ್ಕಿದ. ಒಡೆಯಲಿಲ್ಲ. ಅಪಶಕುನ ಆಗಬಾರದು ಅಂತ ಎರಡೂ ಕೈಯಲ್ಲಿ ಎತ್ತಿ ಇನ್ನೊಂದು ಕುಕ್ಕಿದ. ಎರಡು ಹೋಳಾಯಿತು.

ಚೆಲ್ಲಿದ ಕಾಯಿನೀರನ್ನು ಕುಳ್ಳಮ್ಮ ಬಟ್ಟೆಯಲ್ಲಿ ಒರೆಸುವಾಗ ಕೈಲಿದ್ದ ಚೊಂಬು ಕಲ್ಲಿಗೆ ತಾಗಿತು. ದಪ್ ಅಂತು. ಬಿರುಕು ಬಿಟ್ಟ ಮಡಕೆಯ ಸದ್ದು ಯಾವ ಹೆಂಗಸಿಗೆ ಗೊತ್ತಿಲ್ಲ? ಅವಳು ತಲೆ ಎತ್ತಿದಳು. ಭಾವ ಅಲ್ಲೇ ನಿಂತಿದ್ದ, ಬಾಯಿ ತುಂಬ ಕೊಬ್ಬರಿ. ಭಾವನ ಎದುರಿಗೆ ಅವಳು ಮದುವೆಯಾದಾಗಿಂದ ಒಂದು ಮಾತಾಡಿದವಳಲ್ಲ. ಕಲ್ಲು ನೀರು ಕುಡಿದು ಹಂಗಂದಿರಬೇಕು, ಬೆಳಿಗ್ಗೆ ಗಂಡನಿಗೊಂದು ಮಾತು ಹೇಳಿದರಾಯಿತು ಅಂದುಕೊಂಡು ಸೆರಗೆಳೆದು ಒಳಗೆ ಹೋದಳು.

ಬೆಳಿಗ್ಗೆ ಅವಳು ತಿಪ್ಪೆಗೆ ಸಗಣಿ ಹಾಕೋಕೆ ಹೋಗಿದ್ದಾಗಲೇ ಮೋಟರು ಕೂಗಿತು. ಆಮೇಲೆ ಬಂಡೆ ಸಿಡಿದಂಥ ಸದ್ದು. ಪಕ್ಕದಲ್ಲಿ ಬಂಡೆ ಒಡೆಯೋರು ಇದ್ದದ್ದರಿಂದ ಊರಲ್ಲಿ ಯಾರೂ ತಿರುಗಿ ನೋಡಲಿಲ್ಲ. ಅವಳು ಬುಟ್ಟಿ ಎಸೆದು ಓಡಿದಳು. ಕಲ್ಲಿನ ಹೋಳು ಮರಿಯಯ್ಯನ ಗಂಟಲ ಕೆಳಗೆ ಹೊಕ್ಕಿತ್ತು. ಆಸ್ಪತ್ರೆ ದಾರಿಯಲ್ಲೇ ಹೋದ.

ಸಾವಿಗೆ ಬಂದವರು ಅವನ ಮುಖ ನೋಡಿದ್ದಕ್ಕಿಂತ ಒಡೆದ ಕಲ್ಲನ್ನು ನೋಡಿದ್ದು ಹೆಚ್ಚು. ಒಬ್ಬ ಚೂರನ್ನು ಎತ್ತಿ ಮೂಸಿದ. ಇನ್ನೊಬ್ಬ ಜೇಬಿಗಿಟ್ಟುಕೊಂಡ. ಮೂಲೆಯಲ್ಲಿ ಬಿದ್ದಿದ್ದ ಕಾಯಿಹೋಳಿಗೆ ನೊಣ ಮುತ್ತಿತ್ತು.

ಹನ್ನೊಂದರ ದಿನ ಚೌಡಯ್ಯ ಎರಡು ಸಲ ಪಾಯಸ ಹಾಕಿಸಿಕೊಂಡು ಕೈ ನೆಕ್ಕಿದ. ಹೆಂಡತಿ ದೊಡ್ಡತಾಯಮ್ಮನ ಕಡೆ ತಿರುಗಿ, "ನಿನ್ ವಾರಗಿತ್ತಿಗೆ ಯೋಳು. ಯಂತ್ರ ಬಲಿ ಬೇಡ್ತು, ತಗಂತು. ಇನ್ನು ಭಯ ಇಲ್ಲ. ಮೋಟರು ಅಂಗೇ ಅದೆ, ಬ್ಯಾರೆ ಕಲ್ಲು ಹಾಕುಸ್ತೀನಿ" ಅಂದ.

ಕುಳ್ಳಮ್ಮ ನೇರ ಅವನಿಗೇ ಹೇಳಿದಳು. "ಯಂತ್ರ ಏನೂ ಬೇಡ್ನಿಲ್ಲ ಭಾವ. ನೀವು ಕಾಯಿ ಕುಕ್ಕುದ್ರಿ, ಕಲ್ಲು ಬಿರುಕು ಬುಡ್ತು. ಆ ಸದ್ದು ನಾನು ಕೇಳ್ದೆ, ಬಾಯಿ ಮುಚ್ಕಂಡಿದ್ದೆ. ಇಬ್ರೂ ಸೇರಿ ಕೊಂದೋ."

ಎಲೆ ಮುಂದೆ ಕೂತವರು ಕೈ ನಿಲ್ಲಿಸಿದರು.

"ಇನ್ನು ಸಾಣೆ ಹಿಡಿಯೋರ್ಯಾರು? ನಿಮ್ಗೆ ಕಣ್ಣು ಮಂಜು. ನಾನೇ ಹಿಡೀಬೇಕು. ನಾನು ಹಿಡಿಯೋದ ನಾನೇ ಆರಿಸ್ತೀನಿ."

"ಎಂಗ್ಸು ಮಿಷನ್ನು ಆರಿಸ್ತಾಳಂತೆ" ಅಂದ ಚೌಡಯ್ಯ. ಈ ಸಲ ಯಾರೂ ನಗಲಿಲ್ಲ.

ತಿಂಗಳು ಕಳೆದ ಮೇಲೆ ದೊಡ್ಡತಾಯಮ್ಮನ ಜೊತೆ ಬಸ್ಸು ಹತ್ತಿ ಗಂಜಾಂಗೆ ಹೋದಳು. ನಿಮಿಷಾಂಬನ ಗುಡಿಗೆ ಹೋಗಿ ಬರಾನ ಅಂತ ವಾರಗಿತ್ತಿ ಅಂದದ್ದಕ್ಕೆ ಕುಳ್ಳಮ್ಮ ಬೇಡ ಅಂದಳು. ಅಂದಾನಯ್ಯ ಬೆಲ್ಟು ಓಡಿಸಿ ತೋರಿಸಿದ.

"ಇದು ಕಿತ್ತೋದ್ರೆ?" ಅಂದಳು.

"ಕೈಗೆ ಬಾರುಕೋಲಲ್ಲಿ ಬಾರ್ಸದಂಗಾಯ್ತದೆ ಕಣವ್ವ. ಎರಡು ದಿನ ಉರೀತದೆ."

"ಆಮ್ಯಾಕೆ?"

"ಆಮ್ಯಾಕೇನು, ಹೊಸ ಪಟ್ಟಿ ಹಾಕಾದು."

"ಕಿತ್ತು ತೋರ್ಸು."

ಅಂದಾನಯ್ಯ ಅವಳ ಮುಖ ನೋಡಿದ. ಹುಚ್ಚು ಅಂದುಕೊಂಡನೇನೋ. ಹಳೆ ಪಟ್ಟಿಯೊಂದನ್ನು ಏರಿಸಿ, ಅಂಚನ್ನು ಚಾಕುವಿನಲ್ಲಿ ಕೊಯ್ದು, ಇಬ್ಬರನ್ನೂ ದೂರ ನಿಲ್ಲಿಸಿ ಮೋಟರು ಹಾಕಿದ. ಪಟ್ಟಿ ಪಟ್ ಅಂತ ಕಿತ್ತು ಗೋಡೆಗೆ ಹೊಡೆದು, ಕೆಳಗೆ ಬಿದ್ದು ಮುದುರಿಕೊಂಡಿತು. ಗೋಡೆಯ ಸುಣ್ಣದ ಮೇಲೆ ಒಂದು ಗೀರು, ಅಷ್ಟೆ.

"ಇದೇ ಇರ್ಲಿ" ಅಂದಳು ಕುಳ್ಳಮ್ಮ.

ಈಗ ಚೌಡಯ್ಯ ಕಬ್ಬಿಣ ಬಡಿಯುತ್ತಾನೆ, ಅವಳು ಮಸೆಯುತ್ತಾಳೆ. ಕೆಲಸದ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಮುಂಡೆ ಮಸೆದ ಮಚ್ಚು ಅಂತ ಮೊದಮೊದಲು ಕೆಲವರು ಮುಟ್ಟಲಿಲ್ಲ. ಕಬ್ಬು ಕಡಿಯೋ ಕಾಲ ಬಂದಾಗ ಅವರೇ ಬಂದು, ಹಲ್ಲು ಕಿರಿದು, ಅಕ್ಕಾ ಅಂದರು. ಕೊಟ್ಟಳು. ಅವರು ಹೋದ ಮೇಲೆ ಬಾಗಿಲಿಗೆ ಬಂದು ಉಗಿದಳು.

ದಿನಾ ಬೆಳಿಗ್ಗೆ ಸ್ವಿಚ್ಚು ಹಾಕೋಕೆ ಮುಂಚೆ ಪಟ್ಟಿಯನ್ನು ಗಾಲಿಯಿಂದ ಬಿಚ್ಚಿ ಬಾಗಿಲ ಬೆಳಕಿಗೆ ತರುತ್ತಾಳೆ. ಅಂಟು ಹಾಕಿ ಸೇರಿಸಿದ ಕಡೆ ಹೆಬ್ಬೆರಳಿಟ್ಟು ಬಗ್ಗಿಸಿ ನೋಡುತ್ತಾಳೆ. ಒಂದು ನೂಲು ಎದ್ದಿದ್ದರೂ ಅದು ಒಲೆಗೆ. ಗಟ್ಟಿಯಿದ್ದರೆ ಮತ್ತೆ ಏರಿಸಿ, ಗಾಲಿಯನ್ನು ಕೈಯಲ್ಲೇ ಒಂದು ಸುತ್ತು ತಿರುಗಿಸುತ್ತಾಳೆ.