ಗಿಡ್ಡಪ್ಪನ ಬಾಹ್ಯಾಕಾಶದ ಕಣ್ಣು

ಮಸ್ಕಿಯ ಬಸ್ ನಿಲ್ದಾಣದ ಹಿಂದೆ ಕುಬಸ ಹೊಲಿಯುವ ಗಿಡ್ಡಪ್ಪನಿಗೆ ಕಳೆದ ಒಂಬತ್ತು ವರ್ಷಗಳಿಂದ ಮೂವತ್ತೆಂಟು ವರ್ಷ. ಉಳಿದವರ ಮೇಲೆ ಹರಿದು ಹೋದ ಕಾಲವು ಈತನ ಹೊಲಿಗೆ ಯಂತ್ರದ ಬಳಿ ಮಾತ್ರ ಗೌರವದಿಂದ ನಿಂತುಬಿಟ್ಟಿತ್ತು. ತನ್ನ ಮದುವೆಯಾಗುವವರೆಗೆ ಅದನ್ನು ಮುಂದಕ್ಕೆ ಬಿಡಬಾರದೆಂದು ಆತ ನಿಶ್ಚಯಿಸಿದ್ದನು.

ಆದರೆ ಈ ನಿಶ್ಚಯದ ಸುದ್ದಿ ಸೂಜಿಗೆ ತಲುಪಿರಲಿಲ್ಲ. ದಾರದ ತುದಿಗೆ ಎಂಜಲು ಹಚ್ಚಿ ಹೊಸೆದು, ಕೈ ಚಾಚಿ, ಕತ್ತು ಹಿಂದಕ್ಕೆಳೆದು ಹುಡುಕಿದರೂ ಸೂಜಿಯ ಕಣ್ಣು ಸಿಗುತ್ತಿರಲಿಲ್ಲ. ಚಷ್ಮಾ ಕೊಂಡರೆ ಮುಗಿಯುತ್ತಿತ್ತು. ಆದರೆ ಹತ್ತಿರದ್ದನ್ನು ಕಾಣಿಸುವ ಚಷ್ಮಾಕ್ಕೆ ಜನರು ಚಾಳೀಸು ಎನ್ನುತ್ತಾರೆ, ಚಾಳೀಸೆಂದರೆ ನಲವತ್ತು. ಮೂಗಿನ ಮೇಲೆ ವಯಸ್ಸನ್ನು ಬರೆದುಕೊಂಡು ಹೆಣ್ಣು ನೋಡಲು ಹೋಗುವುದುಂಟೆ? ಸಿಂಧನೂರಿನ ಅಕ್ಕ ಆದಮ್ಮ ಲಿಂಗಸುಗೂರಿನಲ್ಲಿ ಏಳನೆಯ ಸಂಬಂಧ ಹುಡುಕಿದ್ದಳು. ಇದೂ ತಪ್ಪಿದರೆ ಎಂಟನೆಯದನ್ನು ತಮ್ಮನೇ ಹುಡುಕಿಕೊಳ್ಳಬೇಕೆಂದು ಖಡಾಖಂಡಿತವಾಗಿ ಹೇಳಿದ್ದಳು.

ಆ ವಾರವೇ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ಭೀಮೇಶ ಅಂಗಡಿಗೆ ಬಂದರು.

"ಏನು ಗಿಡ್ಡಪ್ಪಣ್ಣ, ಸೂಜಿಗೆ ಆರತಿ ಬೆಳಗಾಕತ್ತೀಯೇನು? ಒಂದು ಚಾಳೀಸು ತಗೋಪಾ."

"ಚಾಳೀಸು ಮುದುಕರಿಗ್ರೀ ಸರ. ನನಗಿನ್ನೂ ಮೂವತ್ತೆಂಟು."

"ಹಂಗಾದ್ರ ನೀ ಬಾಹ್ಯಾಕಾಶಕ್ಕ ಹೋಗಿ ಬಂದಿರಬೇಕು ಬಿಡು!"

ಮೇಷ್ಟ್ರು ವಿವರಿಸಿದರು. ಅಲ್ಲಿ ತಿಂಗಳುಗಟ್ಟಲೆ ತೇಲುತ್ತಿರುವವರ ಮೈಯ ನೀರು ಕಾಲಿನಿಂದ ತಲೆಯ ಕಡೆಗೆ ಸರಿಯುತ್ತದೆ. ಹಲವರ ಕಣ್ಣುಗುಡ್ಡೆಯ ಹಿಂಭಾಗ ಚಪ್ಪಟೆಯಾಗಿ, ಕಣ್ಣಿನ ನರ ಬಾತು, ಹತ್ತಿರದ ಅಕ್ಷರ ಮಸುಕಾಗುತ್ತದೆ. ಇದನ್ನು ಅರಿಯಲು ನೆಲದ ಮೇಲೆಯೂ ಜನರನ್ನು ತಲೆ ತಗ್ಗಾಗುವಂತೆ ವಾರಗಟ್ಟಲೆ ಮಲಗಿಸಿ ನೋಡಿದ್ದಾರೆ.

ಗಿಡ್ಡಪ್ಪನಿಗೆ ಬೇಕಾದದ್ದು ಆ ಕೊನೆಯ ಮಾತೊಂದೇ. ಹೋದ ಮಳೆಗಾಲ ಸೊಂಟ ಹಿಡಿದಾಗ, ಮಂಚದ ಕಾಲ್ದೆಸೆಗೆ ಇಟ್ಟಿಗೆಯಿಟ್ಟು ಅವನನ್ನು ಹನ್ನೊಂದು ದಿನ ಮಲಗಿಸಿದ್ದರು! ರಾಕೆಟ್ಟಿನ ಖರ್ಚಿಲ್ಲದೆ, ನಾಲ್ಕು ಇಟ್ಟಿಗೆಗಳಲ್ಲಿ ಆತ ಗಗನಯಾತ್ರಿಯಾದನು.

ಸೋಮವಾರ ಲಿಂಗಸುಗೂರಿನಲ್ಲಿ ಉಪ್ಪಿಟ್ಟು ಮುಗಿದ ಮೇಲೆ, ಆದಮ್ಮ ಹಿಂದಿನವರ ಪದ್ಧತಿಯಂತೆ ಹೆಣ್ಣಿನ ದೃಷ್ಟಿ ಪರೀಕ್ಷೆಗೆ ತೊಡಗಿದಳು.

"ತಂಗಿ, ಈ ಸೂಜಿಗೊಂದು ದಾರ ಪೋಣಿಸು ನೋಡೂಣು."

ಅಂಗನವಾಡಿ ನಡೆಸುವ ಶಿವಲಿಂಗಮ್ಮ ಚೀಲದಿಂದ ಚಾಳೀಸು ತೆಗೆದು ಹಾಕಿಕೊಂಡು, ಒಂದೇ ಸಲಕ್ಕೆ ಪೋಣಿಸಿದಳು. ಅನಂತರ ದಾರವನ್ನು ಎಳೆದು ತೆಗೆದು, ಸೂಜಿಯನ್ನು ವರನ ಮುಂದೆ ಹಿಡಿದಳು.

"ದರ್ಜಿಯವ್ರು ನೀವು. ನಿಮ್ಮ ಕೈಚಳಕಾನೂ ನೋಡ್ತೀನ್ರಿ."

ಗಿಡ್ಡಪ್ಪ ಮೂರು ಸಲ ಗಾಳಿಗೆ ದಾರ ಪೋಣಿಸಿದನು. ನಾಲ್ಕನೆಯ ಸಲ ವಿಜ್ಞಾನದ ಮೊರೆಹೊಕ್ಕನು.

"ಇವು ಬಾಹ್ಯಾಕಾಶದ ಕಣ್ಣುರೀ. ವಯಸ್ಸಿಂದಲ್ಲ. ಮಂಚಕ್ಕ ಇಟ್ಟಿಗಿ ಇಟ್ಟಿದ್ರು, ಮೈಯಾಗಿನ ನೀರೆಲ್ಲಾ ತಲಿಗೇರ್ತು."

"ತಲಿಗೇರಿದ್ದು ನೀರೊಂದೇ ಅಲ್ಲ ಬಿಡ್ರಿ. ಎಷ್ಟು ದಿನ ಮಲಗಿದ್ರಿ?"

"ಹನ್ನೊಂದು."

"ಬಾಹ್ಯಾಕಾಶಕ್ಕ ಹೋದವ್ರು ಆರಾರು ತಿಂಗಳು ತೇಲ್ತಾರ. ನಾನೂ ಪೇಪರಿನ್ಯಾಗ ಓದೀನ್ರಿ. ಹತ್ತಿರದ್ದು ಕಾಣದಿದ್ರ ಇರಲಿ ಅಂತ ಹೋಗುಮುಂದನ ಚಾಳೀಸು ಒಯ್ತಾರ. ಆಕಾಶಕ್ಕ ಹೋಗೋರಿಗಿಲ್ಲದ ನಾಚಿಕಿ ಮಸ್ಕಿಯವ್ರಿಗೆ ಯಾಕ?" ಆಕೆ ತನ್ನ ಚಾಳೀಸನ್ನು ತೆಗೆದು ಚಾಚಿದಳು. "ನನಗ ನಲವತ್ಮೂರು. ಇದನ್ನ ಹಾಕ್ಕೊಂಡು ನಿಮ್ಮದು ಹೇಳ್ರಿ."

ಆದಮ್ಮ ಕೆಮ್ಮಿದಳು. ಗಿಡ್ಡಪ್ಪ ಚಾಳೀಸು ಏರಿಸಿದನು. ದಾರ ಸೂಜಿಯೊಳಗೆ ಸಲೀಸಾಗಿ ನುಗ್ಗಿತು. ಎದುರಿನ ಸ್ಟೀಲು ತಟ್ಟೆಯಲ್ಲಿ ಕರಿಬಣ್ಣದ ಮೀಸೆಯೊಂದು ಬುಡದಲ್ಲಿ ಬೆಳ್ಳಗಿರುವುದೂ ಕಂಡಿತು. ಅದು ಯಾರದೆಂದು ಕೇಳುವ ಅಗತ್ಯವಿರಲಿಲ್ಲ.

"ನಲವತ್ತೇಳು," ಎಂದನು. ತಡೆಹಿಡಿದಿದ್ದ ಒಂಬತ್ತು ವರ್ಷಗಳು ಒಂದೇ ಉಸಿರಿಗೆ ಮುಗಿದವು.

"ಹಾಕ್ಕೊಂಡೇ ಹೋಗ್ರಿ, ನನ್ನ ಕಡೆ ಇನ್ನೊಂದದ," ಎಂದಳು ಶಿವಲಿಂಗಮ್ಮ. "ಮದುವಿ ಕುಬಸ ನೀವೇ ಹೊಲೀಬೇಕು. ಹೊಲಿಗಿ ಸೊಟ್ಟ ಬರಬಾರದು ನೋಡ್ರಿ."

ಮರಳುವ ಬಸ್ಸಿನಲ್ಲಿ ಗಿಡ್ಡಪ್ಪ ಚಾಳೀಸನ್ನು ಕ್ಷಣವೂ ತೆಗೆಯಲಿಲ್ಲ. ಟಿಕೀಟಿನ ಸಣ್ಣ ಅಕ್ಷರಗಳನ್ನು ಹತ್ತು ಸಲ ಓದಿದನು. ಚಾಳೀಸಿನಲ್ಲಿ ದೂರದ್ದು, ಕಿಟಕಿಯಾಚೆಯದೆಲ್ಲ ಮಸುಕೆಂಬುದನ್ನು ಯಾರೂ ಹೇಳಿರಲಿಲ್ಲ. ಮಸ್ಕಿ ಬಂದದ್ದೂ ಹೋದದ್ದೂ ಕಾಣದೆ, ಗಗನಯಾತ್ರಿಯು ಅಕ್ಕನೊಂದಿಗೆ ನೇರವಾಗಿ ಸಿಂಧನೂರಿನಲ್ಲಿ ಇಳಿದನು.