ಮಂಗಸೂಳಿಯ ನೀಲಿ ಪದಕ

ನಿಪ್ಪಾಣಿಯಿಂದ ಬೆಳಗಿನ ಬಸ್ಸು ಹತ್ತಿದಾಗ ನನ್ನ ಕೈಚೀಲದಲ್ಲಿ ಭೂತಗನ್ನಡಿಯೂ ಸಣ್ಣ ಟಾರ್ಚೂ ಇದ್ದವು. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತೇನೆ. ಮಂಗಸೂಳಿಯ ಗೆಳತಿ ಸುಮಿತ್ರಾ ಹಿಂದಿನ ಸಂಜೆ ಫೋನ್ ಮಾಡಿದ್ದಳು. ಮಗಳು ಅಶ್ವಿನಿಯ ಮದುವೆ ಹತ್ತಿರ ಬಂದಿತ್ತು. ತನ್ನ ನೀಲಿ ಕಲ್ಲಿನ ಪದಕವನ್ನು ಮೊಮ್ಮಗಳು ಧರಿಸಲಿ ಎಂದು ಸುಮಿತ್ರಾಳ ಅತ್ತೆ ಹಟ ಹಿಡಿದಿದ್ದರಂತೆ.

"ನೀಲ ಅಂದ್ರ ಶನಿ ಕಲ್ಲು. ಎಲ್ಲಾರಿಗೂ ಆಗಿಬರೂದಿಲ್ಲ. ನನಗ ಎದಿ ಹೊಡಕೊಳ್ಳಾಕತ್ತೈತಿ, ನೀನ ಬಂದು ನೋಡಬೇ" ಎಂದಿದ್ದಳು.

ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿದೆ. ಹೆಂಗಸರಿಗೆ ಟಿಕೆಟು ಉಚಿತವಾದ್ದರಿಂದ ಕಾಲಿಡಲೂ ಜಾಗವಿರಲಿಲ್ಲ. ಅಂಕಲಿ ದಾಟಿದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತಾ ಕೃಷ್ಣೆಯನ್ನು ದಾಟಿದೆವು. ಕಾಗವಾಡದಲ್ಲಿ ಇಳಿದು ಬಿಸಿ ಮಿರ್ಚಿ ತಿಂದು, ಮಂಗಸೂಳಿಯ ಬಸ್ಸು ಹಿಡಿದೆ.

ದ್ರಾಕ್ಷಿ ತೋಟದ ಅಂಚಿನ ಮನೆ. ಅಶ್ವಿನಿಯ ಅಜ್ಜಿ ಪದಕವನ್ನು ಸೆರಗಿನಲ್ಲಿ ಸುತ್ತಿ ತಂದರು.

"ಹರೇದಾಗ ಮಿರಜ್ ದವಾಖಾನ್ಯಾಗ ಬಾಳ ದಿನಾ ಮಲಗಿದ್ನಿ. ಪರದೇಶದ ಸಿಸ್ಟರಬಾಯಿ ಕೊಟ್ಲು. ನಮ್ಮ ಬೈಬಲದಾಗಿನ ನೀಲ ಇದ, ಅಂದಿದ್ಲು" ಎಂದರು.

ಅಂಗಳದ ನೆರಳಿನಲ್ಲಿ ಕಲ್ಲಿನ ಹಿಂದೆ ಟಾರ್ಚು ಹಿಡಿದೆ. ಬೆಳಕು ಒಂದಿಷ್ಟೂ ಹಾಯಲಿಲ್ಲ. ಒಳ್ಳೆಯ ನೀಲಮಣಿಯಾದರೆ ಹೊಳೆದು ಪಾರಾಗಬೇಕಿತ್ತು. ಭೂತಗನ್ನಡಿ ಇಟ್ಟೆ. ಗಾಢ ನೀಲಿಯ ತುಂಬ ಬಂಗಾರದ ಚುಕ್ಕೆಗಳು, ನಡುವೆ ತೆಳು ಬಿಳಿ ಗೆರೆ!

"ಲಾಜವರ್ದ! ಸುಮಿತ್ರಾ, ಇದು ನೀಲ ಅಲ್ಲ, ಲಾಜವರ್ದ, ಲ್ಯಾಪಿಸ್ ಲಾಜುಲಿ!" ಎಂದು ಕೂಗಿಯೇಬಿಟ್ಟೆ.

ಸುಮಿತ್ರಾಳಿಗೆ ಸಮಾಧಾನವಾದರೂ ಅಜ್ಜಿಯ ಮುಖ ಬಾಡಿತು. "ಹಂಗಾರ ಆ ಬಾಯಿ ನನಗ ಸುಳ್ಳ ಹೇಳಿದ್ಲನ?"

"ಇಲ್ರಿ ಅಜ್ಜಿ, ಅಕಿ ಖರೇನ ಹೇಳ್ಯಾಳ!"

ಅವರ ಪಕ್ಕದಲ್ಲೇ ಕುಳಿತು ವಿವರಿಸಿದೆ. ಬೈಬಲ್ಲಿನ ಹಳೆಯ ಭಾಗವಾದ ಹೀಬ್ರೂ ಗ್ರಂಥದಲ್ಲಿ ಬರುವ ಯೆಹೂದ್ಯರ ಮಹಾಯಾಜಕನ ಎದೆಪದಕದ ರತ್ನಗಳಲ್ಲಿ 'ಸಪ್ಪೀರ್' ಎಂಬುದೊಂದು. ಮುಂದೆ ಜನ ಅದನ್ನು ನೀಲಮಣಿ ಎಂದುಕೊಂಡರು. ಆದರೆ ಅದೇ ಹೀಬ್ರೂ ಗ್ರಂಥ ಸಪ್ಪೀರ್ ಜೊತೆಗೆ ಚಿನ್ನದ ಧೂಳಿನ ಮಾತನ್ನೂ ಆಡುತ್ತದೆ. ನೀಲಮಣಿಯಲ್ಲಿ ಅದೆಲ್ಲಿಯದು? ಲಾಜವರ್ದದಲ್ಲಿ ಮಾತ್ರ ಚಿನ್ನದಂತೆ ಮಿನುಗುವ ಖನಿಜದ ಕಣಗಳಿರುತ್ತವೆ. ಹಾಗಾಗಿ ಸಪ್ಪೀರ್ ಎಂದರೆ ಲಾಜವರ್ದವೇ ಎನ್ನುವ ವಿದ್ವಾಂಸರು ಬಹಳ. ತರಗತಿಯಲ್ಲಿ ಇಷ್ಟು ವರ್ಷ ಚಿತ್ರ ತೋರಿಸಿ ಹೇಳಿದ ಕಲ್ಲು ಆಗ ನನ್ನ ಅಂಗೈಯಲ್ಲಿತ್ತು.

"ಬೈಬಲದಾಗಿನ ನೀಲ ಇದ ರೀ. ಶನಿ ನೀಲ ಬ್ಯಾರೆ."

ಸುಮಿತ್ರಾ ನಗುತ್ತಾ ಕಣ್ಣೊರೆಸಿಕೊಂಡು, "ಅಶ್ವಿನಿ, ಬಾರಬೇ, ಹಾಕ್ಕೋ!" ಎಂದು ಕೂಗಿದಳು.

ಅಶ್ವಿನಿ ಓಡಿಬಂದು ಕೈ ಚಾಚಿದಳು. ಅಜ್ಜಿ ನನ್ನ ಅಂಗೈಯಿಂದ ಪದಕವನ್ನು ತಟ್ಟನೆ ಎತ್ತಿಕೊಂಡರು.

"ತಡಿ. ಶನಿ ಕಲ್ಲು ಅನ್ನೋ ಮಂದಿ ಮಾತಿಗೆ ಅಂಜಿ ಅಂಜಿ ಒಮ್ಮೀನೂ ಕೊರಳಿಗೆ ಹಾಕಿಲ್ಲ ನಾ, ಮೊಮ್ಮಗಳಾರ ಹಾಕ್ಕೋಲಿ ಅಂದಿದ್ನಿ. ಲಗ್ನದ ತನಕ ನನ್ನ ಕಡೆ ಇರಲಿ."

ಮೊಮ್ಮಗಳೇ ಹಿಂದೆ ನಿಂತು ಅಜ್ಜಿಯ ಕೊರಳಿಗೆ ಪದಕದ ದಾರ ಕಟ್ಟಿದಳು. ಊಟ ಮುಗಿಸಿ ಸುಮಿತ್ರಾಳ ಸ್ಕೂಟರಿನಲ್ಲಿ ಬಸ್ ನಿಲ್ದಾಣಕ್ಕೆ ಹೊರಟಾಗ ತಿರುಗಿ ನೋಡಿದೆ. ಅಜ್ಜಿ ರಸ್ತೆಗೇ ಬಂದು, ಹೋಗುತ್ತಿದ್ದ ನೆರೆಯವಳನ್ನು ನಿಲ್ಲಿಸಿಕೊಂಡು, ಗದ್ದ ಮೇಲೆತ್ತಿ ಕೊರಳು ತೋರಿಸುತ್ತಿದ್ದರು.